ಥರ್ಮಾಮೀಟರ್ ಸುಳ್ಳು, ಪಕಾಲನ ರಾಕೆಟ್ ನಿಜ

ಹವಾಮಾನ ಬದಲಾವಣೆ ಬರೀ ಬೊಗಳೆ ಎಂದು ಸಾರುವ ಮಹನೀಯರಲ್ಲಿ ಒಂದು ಪಂಗಡಕ್ಕೆ ಮಧ್ಯ ಅಮೆರಿಕದ ಪ್ರಾಚೀನ ಮಾಯನ್ನರ ಮೇಲೆ ವಿಪರೀತ ಭಕ್ತಿ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿ ಅಳೆಯುತ್ತಿರುವ ಉಪಕರಣ ಇವರಿಗೆ ಮೋಸ. ಗಾಳಿಯ ಹತ್ತು ಲಕ್ಷ ಭಾಗಕ್ಕೆ 315ರಷ್ಟಿದ್ದ ಕಾರ್ಬನ್ ಡೈಆಕ್ಸೈಡ್ 420 ದಾಟಿದ್ದೂ ಮೋಸ. ಆದರೆ ಮೆಕ್ಸಿಕೋದ ಪಲೆಂಕೆಯಲ್ಲಿ 1952ರಲ್ಲಿ ಸಿಕ್ಕ ಪಕಾಲ್ ದೊರೆಯ ಗೋರಿಯ ಮುಚ್ಚಳವನ್ನು ಅಡ್ಡ ತಿರುಗಿಸಿ ನೋಡಿ, ಆತ ರಾಕೆಟ್ ಓಡಿಸುತ್ತಿದ್ದಾನೆ ಎಂದರೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ನೆಟ್ಟಗೆ ನೋಡಿದರೆ ಅಲ್ಲಿರುವುದು ಮಾಯನ್ನರ ಪುರಾಣದ ವಿಶ್ವವೃಕ್ಷ. ಹಾಗೆ ನೋಡುವ ಅಭ್ಯಾಸ ಇರಬೇಕಲ್ಲ.

ಭಕ್ತಿ ಮಾತಿನಲ್ಲೇ ಮುಗಿಯಬಾರದು. ರಾಕೆಟ್ ಕೆಟ್ಟು ನಿಂತಿರುವುದರಿಂದ ಸದ್ಯಕ್ಕೆ ಮಾಯನ್ನರ ಮಳೆನೀರಿನ ತೊಟ್ಟಿ, ಚುಲ್ತುನ್, ಕಟ್ಟಿಕೊಳ್ಳಿ. ಯುಕಟಾನ್‌ನ ಪೂಕ್ ಗುಡ್ಡಗಳಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಸುಣ್ಣಕಲ್ಲಿನ ನೆಲ ಬಿದ್ದ ಮಳೆಯನ್ನೆಲ್ಲ ಕುಡಿದುಬಿಡುತ್ತದೆ. ಅದಕ್ಕೇ ಅಲ್ಲಿಯವರು ನೆಲದಡಿ ಶೀಶೆಯಾಕಾರದ ತೊಟ್ಟಿ ತೋಡಿದರು: ಬಾಯಿ ಕಿರಿದು, ಹೊಟ್ಟೆ ಅಗಲ. ಬಾಯಿಯ ಸುತ್ತ ಒಳಗಿಳಿಜಾರಾಗಿ ಗಾರೆಯ ಅಂಗಳ, ಒಳಗೋಡೆಗೆಲ್ಲ ಗಾರೆ ಮೆತ್ತನೆ. ಎಲ್ಲೋ ಒಂದು ಬಿರುಕು ಬಿಟ್ಟರೂ ಮಳೆಗಾಲದಲ್ಲಿ ಕೂಡಿಟ್ಟ ನೀರು ಬೇಸಿಗೆಗೆ ಮೊದಲೇ ಬಂಡೆಯ ಪಾಲು.

ಗಾರೆಗೆ ಸುಣ್ಣ ಬೇಕು. ಹಸಿ ಸೌದೆಯನ್ನು ದುಂಡಗೆ ಒಟ್ಟಿ, ನಡುವೆ ಬೆಂಕಿಗೆ ದಾರಿ ಬಿಟ್ಟು, ಮೇಲೆ ಸುಣ್ಣಕಲ್ಲಿನ ಚೂರು ಪೇರಿಸಿ. ಶಾಖ 800 ಡಿಗ್ರಿ ಸೆಲ್ಸಿಯಸ್ ದಾಟಲೇಬೇಕು. ಇಲ್ಲದಿದ್ದರೆ ಕಲ್ಲಿನ ಒಳಗು ಬೇಯದೆ ಗಾರೆ ಹಿಡಿಯುವುದಿಲ್ಲ. ಅಪ್ಪಟ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಸಿಗುವುದು 56 ಕಿಲೋ ಸುಣ್ಣ. ಉಳಿದ 44 ಕಿಲೋ? ಕ್ಷಮಿಸಿ, ನೀವು ನಂಬದ ಅದೇ ಕಾರ್ಬನ್ ಡೈಆಕ್ಸೈಡ್. ಗಾರೆ ಗಟ್ಟಿಯಾಗುತ್ತ ಅದರಲ್ಲಿ ಬಹುಪಾಲನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ಒಪ್ಪೋಣ. ಸೌದೆಗೆಂದು ಕಡಿದ ಕಾಡು ಮಾತ್ರ ಗಾರೆಯ ಜೊತೆ ಚಿಗುರುವುದಿಲ್ಲ.

ಇನ್ನು ಫಿಲ್ಟರ್. ಗ್ವಾಟೆಮಾಲಾದ ಟಿಕಾಲ್ ನಗರದ ಒಂದು ಜಲಾಶಯದಲ್ಲಿ ನೀರಿನ ಕೊಳೆ ಹಿಡಿದಿಡುವ ಖನಿಜ ಜಿಯೊಲೈಟ್ ಮತ್ತು ಕ್ವಾರ್ಟ್ಜ್ ಮರಳು ಸಿಕ್ಕಿದೆ, ದೂರದಿಂದ ತಂದು ಹಾಕಿದ್ದು. ನಿಜಕ್ಕೂ ಮೆಚ್ಚಬೇಕಾದ ಕೆಲಸ. ಅದೇ ಊರಿನ ಅರಮನೆ ಪಕ್ಕದ ಜಲಾಶಯದ ಹೂಳಲ್ಲಿ ಸಿಕ್ಕಿದ್ದು ಪಾದರಸ ಮತ್ತು ವಿಷ ಕಕ್ಕುವ ನೀಲಿಹಸಿರು ಪಾಚಿಯ ಕುರುಹು. ಗೋಡೆಗೆ ಬಳಿದ ಇಂಗುಲೀಕದ, ಅಂದರೆ ಪಾದರಸದ ಅದಿರಿನ, ಕೆಂಪು ಮಳೆಯಲ್ಲಿ ತೊಳೆದು ದೊರೆಯ ಕುಡಿಯುವ ನೀರಿಗೇ ಇಳಿಯುತ್ತಿತ್ತು. ಪರಿಸರ ಇಲಾಖೆ ಇರಲಿಲ್ಲ ನೋಡಿ, ಉದ್ಯಮಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಪಂಚಾಂಗದ ವಿಷಯದಲ್ಲಂತೂ ಇವರಿಗೆ ನೆನಪಿರುವುದು ಒಂದೇ ದಿನ, ಲೋಕ ಮುಗಿಯುತ್ತದೆ ಎಂದು ಗುಲ್ಲೆದ್ದ 2012ರ ಡಿಸೆಂಬರ್ 21. ಶುಕ್ರಗ್ರಹ ನಮ್ಮ ಆಕಾಶದಲ್ಲಿ ಮತ್ತೆ ಅದೇ ರೀತಿ ಕಾಣಿಸಿಕೊಳ್ಳುವ ಸುತ್ತನ್ನು ಮಾಯನ್ ಲಿಪಿಕಾರರು 584 ದಿನ ಎಂದು ಹಿಡಿದರು. ನಿಜ ಲೆಕ್ಕ 583.92. ಈ ಚಿಲ್ಲರೆ ತಪ್ಪು ತಲೆಮಾರುಗಳಲ್ಲಿ ಬೆಳೆಯುವುದನ್ನು ಕಂಡು ಕೋಷ್ಟಕದಲ್ಲೇ ತಿದ್ದುಪಡಿಗೆ ಜಾಗ ಮಾಡಿದರು. ಇವತ್ತು ಉಷ್ಣಾಂಶದ ದಾಖಲೆಯಲ್ಲಿ ಯಾರಾದರೂ ಇಂಥದೇ ತಿದ್ದುಪಡಿ ಮಾಡಿದರೆ ಭಕ್ತರು 'ಅಂಕಿಅಂಶ ತಿರುಚಿದರು' ಎಂದು ಬೊಬ್ಬೆ ಹಾಕುತ್ತಾರೆ.

ಕೊನೆಗೆ ಇವರ ಬ್ರಹ್ಮಾಸ್ತ್ರ: "9ನೇ ಶತಮಾನದಲ್ಲೇ ಬರ ಬಂದು ಮಾಯನ್ ನಗರಗಳು ಖಾಲಿಯಾದವು. ಆಗ ಕಾರಿತ್ತಾ?" ಇರಲಿಲ್ಲ. ಕಾರಿಲ್ಲದೆಯೇ ಅಷ್ಟಾಯಿತು ಎಂಬುದು ಸಮಾಧಾನದ ಮಾತು ಹೇಗಾಯಿತೋ! ಇರಲಿ, ಆ ಬರದ ಸುದ್ದಿ ಇವರಿಗೆ ಮುಟ್ಟಿಸಿದ್ದು ಯಾರು? ಯುಕಟಾನ್ ಸೀಮೆಯ ಚಿಚಾಂಕನಾಬ್ ಕೆರೆಯ ತಳದಲ್ಲಿ ನೀರು ಬತ್ತಿದಾಗ ಕೂತ ಜಿಪ್ಸಮ್ ಪದರಗಳು, ಬೆಲೀಜ್‌ನ ಯೋಕ್ ಬಲುಮ್ ಗುಹೆಯ ಸುಣ್ಣದ ಕಂಬದಲ್ಲಿ ಅಳೆದ, ಹಳೆಯ ಮಳೆಯ ಲೆಕ್ಕ ಹೇಳುವ ಆಕ್ಸಿಜನ್ ಐಸೊಟೋಪು. ಐಸೊಟೋಪು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು, ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೊಮೀಟರ್. ಗಾಳಿಯಲ್ಲಿ ಇಂಗಾಲದ ಭಾರದ ಐಸೊಟೋಪು ಕಾರ್ಬನ್-13ರ ಪಾಲು ಇಳಿಯುತ್ತಿದೆ, ಆದ್ದರಿಂದ ಹೆಚ್ಚಿದ ಇಂಗಾಲ ಬಂದಿರುವುದು ಆ ಪಾಲು ಕಡಿಮೆ ಇರುವ ಕಲ್ಲಿದ್ದಲು ಮತ್ತು ತೈಲದಿಂದ ಎಂದು ಹೇಳುತ್ತಿರುವುದೂ ಅದೇ ಜಾತಿಯ ಯಂತ್ರ. ಅದು 9ನೇ ಶತಮಾನದ ಮಾತಾಡಿದಾಗ ವಿಜ್ಞಾನ, 20ನೆಯದಕ್ಕೆ ಬಂದಾಗ ಪಿತೂರಿ. ಸರಿಯಾಗಿ ಯಾವ ಶತಮಾನದಲ್ಲಿ ಕೆಟ್ಟಿತು ಎಂದು ಮಹನೀಯರು ತಿಳಿಸಿದರೆ ದುರಸ್ತಿಗೆ ಕಳಿಸಬಹುದು.