ಹಾಲು ಉಕ್ಕಲಿಲ್ಲ, ಕಪಾಟು ಉಬ್ಬಿತು

ಹೊಸ ಮನೆಗೆ ಹೊಕ್ಕ ದಿನ ಹಾಲು ಉಕ್ಕಬೇಕು ಎಂಬುದು ಶಾಸ್ತ್ರ. ಇರುವುದು ಅರ್ಧ ಲೀಟರಿನ ಒಂದು ಪ್ಯಾಕೆಟ್, ಪಕ್ಕದ ಮನೆಯಿಂದ ಎರವಲು ತಂದದ್ದು ನಾಲ್ಕು ಲೀಟರಿನ ಪಾತ್ರೆ. ಎಲ್ಲರೂ ಮಂಗಳಾರತಿಗೆ ನಿಂತ ಹಾಗೆ ಒಲೆಯ ಸುತ್ತ ನಿಂತಿರುತ್ತಾರೆ. ಹಾಲು ತಳದಲ್ಲಿ ಕೊತಕೊತ ಎನ್ನುತ್ತದೆ, ಎರಡು ಬೆರಳು ಮೇಲೇರುತ್ತದೆ, ಸುತ್ತಲಿನವರ ಮುಖ ನೋಡಿ ಇಳಿಯುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ಉಕ್ಕುವುದು ಅತ್ತೆಯ ಸಿಟ್ಟು ಮಾತ್ರ. ಹಾಲು ಪೇಡೆಯಾಗುವ ದಾರಿ ಹಿಡಿದಿರುತ್ತದೆ.

ಇದರಲ್ಲಿ ಅಪಶಕುನ ಏನೂ ಇಲ್ಲ, ಪಾತ್ರೆಯ ಬಾಯಿ ಅಗಲವಾಯಿತು ಅಷ್ಟೆ. ಮೇಲೆ ಕಟ್ಟಿದ ಕೆನೆಯ ಪೊರೆ ಅಡಿಯಿಂದ ಬರುವ ಆವಿಯನ್ನು ತಡೆದಾಗ ಹಾಲು ನೊರೆಯಾಗಿ ಏರುತ್ತದೆ. ಅಗಲ ಪಾತ್ರೆಯಲ್ಲಿ ಪೊರೆ ಬೇಗ ಹರಿದು ಆವಿ ಹೊರಟುಹೋಗುತ್ತದೆ. ಕಿರಿದಾದ ಪಾತ್ರೆ ಹಿಡಿದು, ಮುಕ್ಕಾಲು ಭಾಗ ತುಂಬಿಸಿ, ಉರಿ ದೊಡ್ಡದಿಟ್ಟು, ಸೌಟು ಹಾಕದೆ ಬಿಟ್ಟರೆ ಐದು ನಿಮಿಷದಲ್ಲಿ ಶಾಸ್ತ್ರ ಮುಗಿಯುತ್ತದೆ. ಉಕ್ಕಿದ ಹಾಲು ಬರ್ನರಿನ ತೂತುಗಳಲ್ಲಿ ಒಣಗಿ ಕೂತರೆ ಮರುದಿನ ಉರಿ ಹಳದಿಯಾಗಿ ಪಾತ್ರೆ ಮಸಿ ಹಿಡಿಯುತ್ತದೆ. ಶಾಸ್ತ್ರ ಮುಗಿದ ಮೇಲೆ ಬರ್ನರ್ ಆರಿದಾಗ ತೆಗೆದು ಪಿನ್ನಿನಿಂದ ತೂತು ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಇಡಬೇಕು. ಇದನ್ನು ಪುರೋಹಿತರು ಹೇಳುವುದಿಲ್ಲ.

ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಹೊಸ ಮನೆ ಹೂಡುವುದು ಹುಮ್ಮಸ್ಸಿನಿಂದಲ್ಲ, ಹೊಳೆ ಹಳೆಯ ಮನೆಯೊಳಗೆ ಬಂದುಹೋದದ್ದರಿಂದ. 2019ರ ಆಗಸ್ಟಿನಲ್ಲಿ ಕಾಳಿ ನದಿ ಕದ್ರಾ ಅಣೆಕಟ್ಟಿನಿಂದ ಕೆಳಗಿನ ಊರುಗಳ ಅಡುಗೆಮನೆ ನೋಡಿಕೊಂಡು ಹೋಯಿತು. ಗಂಗಾವಳಿಯೂ ಹಿಂದೆ ಬೀಳಲಿಲ್ಲ. ಆ ವರ್ಷ ನೆರೆಗೆ ಸಿಕ್ಕ ಕುಟುಂಬಕ್ಕೆ ಸರ್ಕಾರ ತಕ್ಷಣಕ್ಕೆಂದು ಕೊಟ್ಟದ್ದು 10,000 ರೂಪಾಯಿ. ಆ ಹತ್ತು ಸಾವಿರ ಕೈಗೆ ಬಂದ ದಿನವೇ ಹತ್ತು ನೆಂಟರು ಹತ್ತು ಸಲಹೆ ಕೊಡುತ್ತಾರೆ. ಒಬ್ಬರು ಮಿಕ್ಸರ್ ಎನ್ನುತ್ತಾರೆ, ಒಬ್ಬರು ಟಿವಿ ಎನ್ನುತ್ತಾರೆ. ಬಾಲ್ದಿ ಎನ್ನುವವರು ಒಬ್ಬರೂ ಇರುವುದಿಲ್ಲ.

ಕೊಳ್ಳಬೇಕಾದದ್ದು ಮೊದಲು ಬಾಲ್ದಿಯೇ. 20 ಲೀಟರಿನವು ಎರಡು, ಒಂದಕ್ಕಾದರೂ ಮುಚ್ಚಳ ಬೇಕು. ಒಂದು ಸೋರುವ ಹಂಚಿನ ಕೆಳಗೆ ಹೋಗುತ್ತದೆ, ಇನ್ನೊಂದು ಕುಡಿಯುವ ನೀರಿಗೆ. ಎರಡನ್ನೂ ಅದಲುಬದಲು ಮಾಡದಿರಲು ಬಣ್ಣ ಬೇರೆ ಬೇರೆ ಇರಲಿ. ಆಮೇಲೆ ಬಾವಿಯ ಹಗ್ಗ. ಆಗಸ್ಟಿನಲ್ಲಿ ಮನೆ ಹಿಡಿದವರು ಬಾವಿಯೊಳಗೆ ಇಣುಕಿ, ನೀರು ಕೈಗೆ ಸಿಗುವ ಹಾಗಿದೆ ಎಂದು ಹದಿನೈದು ಅಡಿ ಹಗ್ಗ ತರುತ್ತಾರೆ. ಏಪ್ರಿಲಿನಲ್ಲಿ ಕೊಡಪಾನ ನೀರಿಗೆ ಹತ್ತು ಅಡಿ ಮೇಲೆ ತೂಗಾಡುತ್ತ ನಿಲ್ಲುತ್ತದೆ. ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಿದರೆ ಗಂಟು ಗಡಗಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಾವಿಯ ತಳದವರೆಗೆ ಅಳೆದು, ಗಡಗಡೆಗೂ ಕೈಹಿಡಿತಕ್ಕೂ ಎಂಟು ಅಡಿ ಸೇರಿಸಿ, ಒಂದೇ ತುಂಡು ತರಬೇಕು. ಮಳೆಗಾಲದಲ್ಲಿ ಮಿಕ್ಕ ಹಗ್ಗಕ್ಕೆ ಕೆಲಸ ಹುಡುಕುವುದು ಕಷ್ಟವಲ್ಲ, ಒಣಗದ ಬಟ್ಟೆ ಎಷ್ಟು ಬೇಕಾದರೂ ಇರುತ್ತದೆ.

ಹೊಳೆ ನೀರು ಬಾವಿಗೂ ಇಳಿದಿದ್ದರೆ ಬ್ಲೀಚಿಂಗ್ ಪುಡಿ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಎಂಬುದಕ್ಕೆ ಚಾಲ್ತಿಯಲ್ಲಿರುವ ಮಾಪು ‘ಒಂದು ತೆಂಗಿನ ಚಿಪ್ಪು’. ಹಾಗೆ ಹಾಕಿದ ಬಾವಿಯ ನೀರಲ್ಲಿ ಚಹಾ ಮಾಡಿದರೆ ಈಜುಕೊಳ ಕುಡಿದ ಅನುಭವ ಸಿಗುತ್ತದೆ. ಲೆಕ್ಕ ಅಷ್ಟು ಕಷ್ಟದ್ದಲ್ಲ. ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಮೀಟರಿನಲ್ಲಿ ಅಳೆದಿದ್ದರೆ ಬಂದ ಉತ್ತರ ಸಾವಿರ ಲೀಟರುಗಳ ಲೆಕ್ಕ. 2 ಮೀಟರ್ ಅಗಲ, 3 ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಎಂದರೆ 24 ಗ್ರಾಂ ಹತ್ತಿರ ಬರುತ್ತದೆ. ಕೆಸರು ನೀರು ನುಗ್ಗಿದ ಬಾವಿಯಾದರೆ ಮೊದಲ ಸಲ ಅದರ ಇಮ್ಮಡಿ. ಪುಡಿಯನ್ನು ನೇರ ಸುರಿಯಬಾರದು. ಬಾಲ್ದಿಯಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಾಲ್ದಿ ತುಂಬಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಾಲ್ದಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಬೇಕು. ಒಂದು ತಾಸು ಯಾರೂ ನೀರು ಸೇದಬಾರದು. ಈ ಒಂದು ತಾಸಿನಲ್ಲೇ ಓಣಿಯ ಎಲ್ಲರಿಗೂ ಬಾಯಾರಿಕೆ ಆಗುತ್ತದೆ. ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿಗೆ ನಮ್ಮ ಹವೆಯಲ್ಲಿ ಶಕ್ತಿ ಹೋಗಿರುತ್ತದೆ. ಕಳೆದ ವರ್ಷದ ಪೊಟ್ಟಣವನ್ನು ಅಳೆದು ತೂಗಿ ಹಾಕಿದರೂ ಅದು ಬರೀ ಸುಣ್ಣ.

ಕರಾವಳಿಯ ಬಾಡಿಗೆ ಮನೆಗೆ ಮೂಲ ಬಾಡಿಗೆದಾರ ಶೀತ. ಕರಾರು ಅವನ ಹೆಸರಲ್ಲೇ ಇದೆ, ನಾವು ಹೋಗುವುದು ಒಳಬಾಡಿಗೆಗೆ. ಮೇ ತಿಂಗಳಲ್ಲಿ ತೋರಿಸುವ ಮನೆಗೆ ಹೊಸ ಬಣ್ಣ ಬಳಿದಿದ್ದರೆ ಅವನು ಅದರ ಹಿಂದೆ ಅಡಗಿದ್ದಾನೆ ಎಂದೇ ತಿಳಿಯಬೇಕು. ಕಂಡುಹಿಡಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಕೂತರೆ ಅದು ಕೋಣೆಯ ಗಾಳಿಯ ಶೀತ, ಕಿಟಕಿ ತೆರೆದರೆ ಅಷ್ಟಿಷ್ಟು ಕಡಿಮೆಯಾದೀತು. ಮನೆ ಒಡೆಯರು “ಎಂತ ಅಂಟಿಸ್ತಾ ಇದ್ದೀರಿ?” ಎಂದು ಕೇಳಿದರೆ ದೇವರ ಪಟದ ಅಳತೆ ಎಂದು ಹೇಳಿ ನೋಡಬಹುದು.

ಇಷ್ಟು ತಿಳಿದವರೂ ಜಾರುವುದು ಕಪಾಟಿನ ವಿಷಯದಲ್ಲಿ. ಕಾರವಾರದ ಭಾನುವಾರದ ಸಂತೆಗೆ ಬಸಳೆ, ಬದನೆ ತರಲು ಹೋದವರು ದಾರಿಯ ಹಳೆ ಸಾಮಾನಿನ ಅಂಗಡಿಯಲ್ಲಿ ನುಣುಪಾದ, ತೇಗದ ಬಣ್ಣದ, ಕನ್ನಡಿ ಇರುವ ಕಪಾಟು ನೋಡಿ ಮರುಳಾಗುತ್ತಾರೆ. ಅದು ಮರವಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮೇಲೆ ಹಾಳೆ ಹಚ್ಚಿದ ಹಲಗೆ. ಮೊದಲ ಮಳೆಗೆ ಅದರ ಬುಡ ನೆಲದ ನೀರು ಕುಡಿದು ರಸ್ಕಿನಂತೆ ಉಬ್ಬುತ್ತದೆ. ಎರಡನೆಯ ಮಳೆಗೆ ತಿರುಪುಗಳ ಹಿಡಿತ ಹೋಗಿ ಬಾಗಿಲು ಕೈಯಲ್ಲೇ ಬರುತ್ತದೆ. ಕೊಂಡೇಬಿಟ್ಟಿದ್ದರೆ ಹಾಳೆ ಹಚ್ಚದ ಬತ್ತಲೆ ಅಂಚುಗಳಿಗೆ, ಅದರಲ್ಲೂ ಬುಡಕ್ಕೆ, ಎರಡು ಸಲ ಎನಾಮೆಲ್ ಬಣ್ಣ ಬಳಿಯಬೇಕು. ಕೆಳಗೆ ಎರಡು ಇಂಚಿನ ಟೈಲ್ಸ್ ತುಂಡುಗಳ ಅಟ್ಟಿ, ಹಿಂದೆ ಗೋಡೆಗೂ ಅದಕ್ಕೂ ಮೂರು ಇಂಚು ಜಾಗ. ಆ ಮೂರು ಇಂಚಿಗೆ ಮನೆಯವರೆಲ್ಲ ಸೇರಿ ಹಳೇ ಪೇಪರು, ಮಡಚಿದ ಕೊಡೆ ತುರುಕದ ಹಾಗೆ ಕಾಯುವುದು ಬೇರೆಯೇ ಉದ್ಯೋಗ.

ಕಬ್ಬಿಣದ ಕಪಾಟಾದರೆ ಉಬ್ಬುವುದಿಲ್ಲ, ಆದರೆ ಕಡಲಗಾಳಿಗೆ ಬುಡದಿಂದ ತುಕ್ಕು ಏರುತ್ತದೆ. ಕೊಳ್ಳುವಾಗ ಬಾಗಿಲು ಹೊಳೆಯುತ್ತದೆಯೇ ಎಂದು ನೋಡುವುದಲ್ಲ. ಮಲಗಿಸಿ ತಳ ನೋಡಬೇಕು. ತಳದಲ್ಲಿ ಬೆರಳು ಒತ್ತಿದರೆ ಪುಡಿ ಉದುರುವ ಕಪಾಟನ್ನು ಅಲ್ಲೇ ಎಬ್ಬಿಸಿ ನಿಲ್ಲಿಸಿ ಮನೆಗೆ ಬರುವುದು ಒಳ್ಳೆಯದು.

ಮರದ ಮಂಚಕ್ಕೆ ಎರಡು ಪರೀಕ್ಷೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟಣ್ ಎನ್ನದೆ ಡಬ್ ಎಂದರೆ ಒಳಗೆ ಒರಲೆ ಊಟ ಮುಗಿಸಿದೆ. ಕೀಲುಗಳ ಸಂದಿನಲ್ಲಿ ಕಪ್ಪು ಚುಕ್ಕಿಗಳಿದ್ದರೆ ತಿಗಣೆ. ಹಾಗೆಂದು ಮಂಚ ಬಿಡಬೇಕಿಲ್ಲ. ಅಂಗಳದಲ್ಲೇ ಕೀಲು ಬಿಚ್ಚಿ, ಸಂದುಗಳಿಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ವಾರ ಬಿಟ್ಟು ಮತ್ತೆ ಹೊಯ್ಯಬೇಕು. ಮೊದಲ ಸಲ ಉಳಿದ ಮೊಟ್ಟೆ ಅಷ್ಟರಲ್ಲಿ ಮರಿಯಾಗಿರುತ್ತದೆ. ನೆರೆಯಲ್ಲಿ ನೆನೆದ ಹತ್ತಿಯ ಗಾದಿಗೆ ಮಾತ್ರ ಮರುಕ ತೋರಿಸಬಾರದು. ಮೇಲೆ ಒಣಗಿದ್ದರೂ ಹೊಟ್ಟೆಯೊಳಗೆ ಹೊಳೆ ಇನ್ನೂ ಹರಿಯುತ್ತಿರುತ್ತದೆ. ದೀಪಾವಳಿವರೆಗೆ ಮುಂಡಿಗೆ ಚಾಪೆ, ಮೇಲೊಂದು ಕಂಬಳಿ ಸಾಕು. ಪ್ಲಾಸ್ಟಿಕ್ ಚಾಪೆ ಅಗ್ಗವೇನೋ ಹೌದು, ಬೆಳಿಗ್ಗೆ ಏಳುವಾಗ ಬೆನ್ನಿಗೇ ಅಂಟಿಕೊಂಡು ಅದೂ ಏಳುತ್ತದೆ.

ಫ್ರಿಜ್ ಅಗ್ಗಕ್ಕೆ ಸಿಕ್ಕಿತು ಎಂದು ಕುಣಿಯುವ ಮುಂಚೆ ಹಿಂದಿನ ಕೆಳಗಡೆಯ ಮುಚ್ಚಳ ಬಿಚ್ಚಿಸಿ. ತಿರುಪಿನ ತಲೆಯಲ್ಲಿ, ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಕೆಂಪು ನುಣ್ಣನೆ ಕೆಸರು ಇದ್ದರೆ ಅದು ನಿಮ್ಮ ಹಾಗೆಯೇ ನೆರೆ ಸಂತ್ರಸ್ತ. ರಬ್ಬರು ಗಟ್ಟಿ ಇದೆಯೇ ಎಂದು ನೋಡಲು ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ತಂಪೂ ಹಾಗೆಯೇ ಹೊರಗೆ ಬರುತ್ತದೆ. ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಕನಿಷ್ಠ 4 ತಾಸು ಬಿಡಬೇಕು. ಆದರೆ ಇಳಿಸಿದವರಿಗೆ ಮುರುಗಲು ಶರಬತ್ತು ತಂಪು ಮಾಡಿ ಕೊಡುವ ಉತ್ಸಾಹದಲ್ಲಿ ಮನೆಯವರು ಹತ್ತೇ ನಿಮಿಷಕ್ಕೆ ಪ್ಲಗ್ ಚುಚ್ಚುತ್ತಾರೆ. ಫ್ರಿಜ್ ಒಮ್ಮೆ ಗುಡುಗಿ ಸುಮ್ಮನಾಗುತ್ತದೆ. ಶರಬತ್ತು ಬಿಸಿಯಾಗಿಯೇ ಕುಡಿಯಬೇಕಾಗುತ್ತದೆ.

ಅಡುಗೆಗೆ ಕಟ್ಟೆ ಇಲ್ಲದ ಮನೆಯಲ್ಲಿ ಒಲೆಯೂ ಸಿಲಿಂಡರೂ ನೆಲದ ಮೇಲೆ ಅಕ್ಕಪಕ್ಕ ಕೂರುತ್ತವೆ, ಹೊಸ ದಂಪತಿಗಳ ಹಾಗೆ. ಇದು ಕೂಡದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನೇರ ಉರಿಯ ಹತ್ತಿರ ಹೋಗುತ್ತದೆ. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. 14.2 ಕಿಲೋ ಸಿಲಿಂಡರ್ ಎರಡು ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ. ಎರಡೂ ಬದಿಗೆ ಎರಡೂವರೆ ಅಡಿ ಚಿರೇಕಲ್ಲು ಪೇರಿಸಿ ಮೇಲೆ ಕಡಪ ಕಲ್ಲಿನ ಹಲಗೆ ಇಟ್ಟರೆ ಕಟ್ಟೆ ತಯಾರು. ಹಳೇ ಮನೆಯ ರಬ್ಬರ್ ನಳಿಗೆಯನ್ನು ತೊಳೆದು ಹಾಕುವ ಉಳಿತಾಯ ಬೇಡ. ಅದಕ್ಕೆ ಐದು ವರ್ಷ ಆಯುಸ್ಸು, ನೆರೆಯಲ್ಲಿ ನೆನೆದಿದ್ದರೆ ಅಷ್ಟೂ ಇಲ್ಲ. ಸೋರಿಕೆ ನೋಡಲು ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಬೆಂಕಿಕಡ್ಡಿ ಗೀರಿ ನೋಡುವ ಧೀರರು ಇನ್ನೂ ಇದ್ದಾರೆ. ಮಳೆಗಾಲದಲ್ಲಿ ಕಡ್ಡಿ ಹತ್ತುವುದಿಲ್ಲವಾದ್ದರಿಂದ ಮಾತ್ರ ಅವರು ಉಳಿದಿದ್ದಾರೆ.

ಕರೆಂಟಿನ ಕತೆ ಬೇರೆ. ಹಿಂದಿನ ಬಾಡಿಗೆದಾರ ಮಂಚ, ಪಾತ್ರೆ, ಬಲ್ಬು ಕೂಡ ಬಿಚ್ಚಿಕೊಂಡು ಹೋಗಿರುತ್ತಾನೆ, ಅವನ ಆಧಾರ್ ಮಾತ್ರ ಮೀಟರಿನಲ್ಲೇ ವಾಸವಾಗಿರುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಆ ಮೀಟರಿನ ಆರ್.ಆರ್. ಸಂಖ್ಯೆಯಿಂದ ಹಳೆಯ ಆಧಾರ್ ಬಿಡಿಸಿದ ಮೇಲಷ್ಟೇ ಹೊಸಬರದ್ದು ಸೇರುತ್ತದೆ. ಬಿಡಿಸಲು ಅವನ ಮೊಬೈಲಿಗೆ ಬರುವ ಒಟಿಪಿ ಕೇಳಬೇಕಾಗಿ ಬರಬಹುದು. ಅವನು ಮೀನು ಹಿಡಿಯುವ ಪರ್ಶಿಯನ್ ಬೋಟಿನಲ್ಲಿ ಸಮುದ್ರದಲ್ಲಿರುತ್ತಾನೆ. ಕೀಲಿಕೈ ಕೈಗೆ ತೆಗೆದುಕೊಳ್ಳುವ ದಿನವೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಕೊನೆಗೆ ಉಡುಗೊರೆ. ಬಾಲ್ದಿ ಯಾರೂ ತರುವುದಿಲ್ಲ. ಗೋಡೆ ಗಡಿಯಾರ ಐದು ಬರುತ್ತವೆ. ಅವನ್ನು ತೂಗುಹಾಕಲು ಚಿರೇಕಲ್ಲಿನ ಗೋಡೆಗೆ ಮೊಳೆ ಹೊಡೆದರೆ ನಾಲ್ಕನೆಯ ಏಟಿಗೆ ಮೊಳೆಯ ಜತೆ ಹಿಡಿ ಕೆಂಪು ಪುಡಿಯೂ ಬರುತ್ತದೆ, ತೂತು ಇಲಿಯ ಬಿಲದಷ್ಟಾಗುತ್ತದೆ. ಈ ಕಲ್ಲು ಮೆದು, ಮೈತುಂಬ ರಂಧ್ರ. ಡ್ರಿಲ್ಲನ್ನು ಸುತ್ತಿಗೆ ಏಟಿಲ್ಲದೆ ಬರಿದೇ ತಿರುಗಿಸಿ, 8 ಮಿ.ಮೀ. ಪ್ಲಗ್ಗಿಗೆ 7ರ ಬಿಟ್ ಹಿಡಿದು, ಪುಡಿ ಊದಿ ತೆಗೆದು, ಉದ್ದನೆಯ ಪ್ಲಗ್ಗಿಗೆ ಸಿಮೆಂಟಿನ ಗಂಜಿ ಸವರಿ ಕೂರಿಸಿ, ಒಂದು ದಿನ ಬಿಟ್ಟು ಸ್ಟೀಲಿನ ತಿರುಪು ಹಾಕಿದರೆ ನಿಲ್ಲುತ್ತದೆ.

ಮಿಕ್ಕ ನಾಲ್ಕು ಗಡಿಯಾರಗಳನ್ನು ಮುಂದಿನ ಗೃಹಪ್ರವೇಶಗಳಿಗೆ ದಾಟಿಸುವುದು ರೂಢಿ. ಅಡ್ಡಿ ಒಂದೇ, ಗಾಜಿನ ಮೇಲೆ ಕೆಂಪಕ್ಷರದಲ್ಲಿ ಕೊಟ್ಟವರ ಹೆಸರು. ಉಗುರುಬಣ್ಣ ತೆಗೆಯುವ ದ್ರಾವಣದಿಂದ ಒರೆಸಿದರೆ ಹೋಗುತ್ತದೆ ಎಂದು ಯಾರೋ ಹೇಳಿಕೊಡುತ್ತಾರೆ. ಹೋಗುತ್ತದೆ ನಿಜ. ಆದರೆ ಅಗ್ಗದ ಗಡಿಯಾರದ ಗಾಜು ಗಾಜಲ್ಲ, ಪ್ಲಾಸ್ಟಿಕ್ಕು; ಆ ದ್ರಾವಣ ತಾಗಿದಲ್ಲೆಲ್ಲ ಕರಗಿ ಮಂಜು ಕವಿದಂತಾಗುತ್ತದೆ. ಹೆಸರೂ ಕಾಣುವುದಿಲ್ಲ, ಗಂಟೆಯೂ ಕಾಣುವುದಿಲ್ಲ. ಒಳಗಿಂದ ಟಿಕ್ ಟಿಕ್ ಮಾತ್ರ ಕೇಳುತ್ತಿರುತ್ತದೆ.