ಮುರಿದ ರೆಕ್ಕೆ, ಸಿಲ್ವರ್ ಪೇಂಟು

ಇಂಗ್ಲೆಂಡಿನಲ್ಲಿ ನಾನಿರುವ ಇಪ್ಸ್‌ವಿಚ್‌ನಿಂದ ಎ12 ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಬ್ಲೈತ್‌ಬರಾ ಅಂತ ಒಂದು ಸಣ್ಣ ಹಳ್ಳಿ ಸಿಗುತ್ತದೆ. ಊರು ಚಿಕ್ಕದು, ಚರ್ಚ್ ಮಾತ್ರ ದೊಡ್ಡದು. ಜೌಗು ಬಯಲಿನ ಅಂಚಿನಲ್ಲಿ ಹಡಗು ನಿಂತ ಹಾಗೆ ಕಾಣುತ್ತದೆ. ಹೋದ ವರ್ಷ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ನಿಂತು, "ಚಪ್ಪಲಿ ಎಲ್ಲಿ ಬಿಡೋದೋ?" ಅಂದರು. ಬಿಡೋದು ಬೇಡ ಅಂದರೆ ಕೇಳಲಿಲ್ಲ. ಆ ತಣ್ಣನೆ ನೆಲದ ಮೇಲೆ ಕಾಲುಚೀಲದಲ್ಲೇ ನಡೆದರು.

ಒಳಗೆ ಹೋದವರು ಮೊದಲು ತಲೆ ಎತ್ತಬೇಕು. 15ನೇ ಶತಮಾನದ ಮರದ ಚಾವಣಿ. ನಡು ತೊಲೆಯ ಉದ್ದಕ್ಕೂ ಬೆನ್ನಿಗೆ ಬೆನ್ನು ಕೊಟ್ಟು, ರೆಕ್ಕೆ ಚಾಚಿದ ಮರದ ದೇವದೂತರು. ಬಣ್ಣ ಮಾಸಿದೆ, ಕೆಲವರ ಮುಖ ಸವೆದಿದೆ. 1644ರಲ್ಲಿ ವಿಲಿಯಂ ಡೌಸಿಂಗ್ ಎಂಬ ಪ್ಯೂರಿಟನ್ (ಚರ್ಚಿನಲ್ಲಿ ಮೂರ್ತಿ, ಚಿತ್ರ ಇರಬಾರದು ಅನ್ನುವ ಪಂಥದವನು) ಬಂದು ಇಲ್ಲಿನ ಚಿತ್ರಗಳನ್ನೂ ದೇವದೂತರನ್ನೂ ತೆಗೆಸಲು ಹೇಳಿಹೋದ. ಆಮೇಲೆ ದೇವದೂತರ ಮೈಯಲ್ಲಿ ಸೀಸದ ಗುಂಡುಗಳು ಸಿಕ್ಕಾಗ ಎಲ್ಲರೂ ಅವನ ಕಡೆಯವರನ್ನೇ ಬೈದರು. ನೋಡಿದರೆ ಅದು 18ನೇ ಶತಮಾನದಲ್ಲಿ ಒಳಗೆ ಗೂಡು ಕಟ್ಟಿದ ಕಾಗೆ ಜಾತಿಯ ಹಕ್ಕಿಗಳಿಗೆ ಹೊಡೆದದ್ದು!

ಅಮ್ಮನಿಗೆ ಹಿಡಿಸಿದ್ದು ಬೆಂಚುಗಳು. ಬೆಂಚಿನ ತುದಿಯಲ್ಲಿ ಮರದ ಗೊಂಬೆಗಳಿವೆ. ಮನುಷ್ಯನ ಪಾಪಗಳಂತೆ. ಒಬ್ಬ ಹೊಟ್ಟೆ ಹಿಡಿದುಕೊಂಡು ಕೂತ ಹೊಟ್ಟೆಬಾಕ. ಇನ್ನೊಬ್ಬ ದುಡ್ಡಿನ ಪೆಟ್ಟಿಗೆ ಮೇಲೇ ಕೂತಿದ್ದಾನೆ. ಸೋಮಾರಿ ಹಾಸಿಗೆಯಿಂದ ಎದ್ದಿಲ್ಲ. ಅಮ್ಮ ಅವನ ತಲೆ ಸವರಿ, "ನಿನ್ನ ಚಿಕ್ಕಪ್ಪನ ಥರಾನೇ ಇದಾನಲ್ಲೋ" ಅಂದರು. ಐನೂರು ವರ್ಷದಿಂದ ಎಷ್ಟು ಕೈ ಸವರಿವೆಯೋ, ಮರ ನುಣ್ಣಗಾಗಿದೆ.

ಉತ್ತರದ ಬಾಗಿಲಲ್ಲಿ ಕಪ್ಪು ಸುಟ್ಟ ಕಲೆಗಳಿವೆ. 1577ರ ಆಗಸ್ಟ್ 4, ಭಾನುವಾರದ ಪ್ರಾರ್ಥನೆ ಹೊತ್ತಿಗೆ ಬಿರುಗಾಳಿ ಎದ್ದು ಗೋಪುರದ ತುದಿ ಒಳಗೇ ಕುಸಿಯಿತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಕಲೆಗಳು ಆವತ್ತು ನುಗ್ಗಿದ ಕರಿನಾಯಿಯ ಉಗುರಿನ ಗುರುತು ಅಂತ ಊರಿನ ಕಥೆ. ಯಾರೂ ಅದನ್ನು ಉಜ್ಜಿ ಪಾಲಿಶ್ ಮಾಡಿಲ್ಲ.

"ಆ ದೇವದೂತರ ರೆಕ್ಕೆ ಸರಿ ಮಾಡಿಸಬಾರದಾ? ಭಿನ್ನ ಆಗಿದೆಯಲ್ಲ" ಅಂದರು ಅಮ್ಮ. ಅವರ ಪ್ರಶ್ನೆ ತಪ್ಪಲ್ಲ. ನಮ್ಮಲ್ಲಿ ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ. ದೇವರು ಅಲ್ಲಿ ವಾಸವಾಗಿರುವವನು, ಅವನ ಮನೆ ಗಟ್ಟಿಯಾಗಿರಬೇಕು. ಸರಿ, ಒಪ್ಪಿದೆ. ಆದರೆ ಕಂಬಕ್ಕೇನು ಪೂಜೆ ಇದೆಯಾ? ಹಾಸನದ ಕಡೆಯ ನಮ್ಮೂರ ಗುಡಿಯಲ್ಲಿ ನವರಂಗದ ನಾಲ್ಕು ಕಂಬ ಕನ್ನಡಿ ಹಾಗೆ ಹೊಳೆಯುತ್ತಿದ್ದವು, ಚಿಕ್ಕವರಿದ್ದಾಗ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದೆವು. ಜೀರ್ಣೋದ್ಧಾರ ಅಂತ ಅವಕ್ಕೆ ಸಿಲ್ವರ್ ಪೇಂಟ್ ಬಳಿದರು. ಕಲ್ಲುಹಾಸಿನ ಮೇಲೆ ಬಾತ್‌ರೂಮಿಗೆ ಹಾಕುವ ಟೈಲ್ಸ್. ದಾನಿಗಳ ಹೆಸರು ಮಾತ್ರ ಗ್ರಾನೈಟಿನಲ್ಲಿ.

ಇಂಗ್ಲೆಂಡಿನವರು ಹುಟ್ಟಿನಿಂದಲೇ ಜಾಣರು ಅಂತ ಅಲ್ಲ. ಹಳೇ ಕಾಲದಲ್ಲಿ ಪಾದ್ರಿ ನಿಲ್ಲುವ ಪೂರ್ವದ ಭಾಗದ ರಿಪೇರಿ ಪಾದ್ರಿಯ ಪಾಲಿಗೆ, ಜನ ನಿಲ್ಲುವ ಭಾಗದ ರಿಪೇರಿ ಊರಿನವರ ಪಾಲಿಗೆ. ಗರ್ಭಗುಡಿ ಅರ್ಚಕರಿಗೆ, ನವರಂಗ ನಮಗೆ ಅಂದ ಹಾಗೆ. ಊರಲ್ಲಿ ದುಡ್ಡಿಲ್ಲದಾಗ ಬ್ಲೈತ್‌ಬರಾ ಚರ್ಚ್ ಹಾಳುಬಿತ್ತು, 1881ರಲ್ಲಿ ಬಾಗಿಲೇ ಹಾಕಿದರು. ರಿಪೇರಿ ಹೇಗೆ ಮಾಡೋದು ಅಂತ ಜೋರು ಜಗಳವೂ ಆಯಿತು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೇ ಕಟ್ಟಡ ಉಳಿಸಲು 1877ರಲ್ಲಿ ಕಟ್ಟಿದ್ದ ಸಂಘದವರು ಅಡ್ಡ ಬಂದರು. ಹೊಸದು ಮಾಡಬೇಡಿ, ಬೀಳದ ಹಾಗೆ ನೋಡಿಕೊಳ್ಳಿ ಅನ್ನೋದು ಅವರ ವಾದ. ಆ ಜಗಳ ನಮ್ಮೂರಲ್ಲಿ ಇನ್ನೂ ಶುರುವೇ ಆಗಿಲ್ಲ.

ಒಂದು ಮಾತು ಹೇಳಲೇಬೇಕು. ನಾವು ಹೋದಾಗ ಅಷ್ಟು ದೊಡ್ಡ ಚರ್ಚಿನಲ್ಲಿ ಇದ್ದದ್ದು ನಾವಿಬ್ಬರೇ. ನಮ್ಮೂರ ಗುಡಿಯಲ್ಲಿ ಟೈಲ್ಸ್ ಮೇಲಾದರೂ ಸರಿ, ಶನಿವಾರ ಕಾಲಿಡಲು ಜಾಗ ಇರುವುದಿಲ್ಲ.

ಮೊನ್ನೆ ಗುಡಿ ಕಮಿಟಿಯ ಮಾವ ಫೋನ್ ಮಾಡಿದ್ದರು. ಈ ಸಲ ಹೊರಗೋಡೆಯಂತೆ, ಆಯಿಲ್ ಪೇಂಟ್ ಅಂತೆ. "ಕಂಬದ ಪೇಂಟ್ ತೆಗೆಸೋದಾದ್ರೆ ಪೂರ್ತಿ ಖರ್ಚು ನಂದು ಮಾವ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಮ್ಮನ ಹತ್ರಾನೇ ಮಾತಾಡ್ತೀನಿ ಬಿಡು" ಅಂದರು.