ಏರ್ ಫಿಲ್ಟರ್ ಮರೀಬ್ಯಾಡ್ರಿ
ಕಾರಿನ ಎರಡು ಸರ್ವಿಸ್ ನಡುವೆ ಎಂಜಿನ್ ಆಯಿಲ್, ಟೈರ್ ಗಾಳಿ ನೋಡ್ಕೋರಿ ಅಂತ ನಿಮ್ಮ ಲೇಖನದಾಗ ಭಾಳ ಚಲೋ ಬರದೀರಿ ಸರ್. ಆದ್ರ ಎಂಜಿನ್ನಿಗೆ ಹೋಗೋ ಗಾಳಿ ಸೋಸೋ ಏರ್ ಫಿಲ್ಟರ್ ಬಿಟ್ಟೇಬಿಟ್ಟೀರಿ. ನಮ್ಮ ವಿಜಯಪುರ ಕಡೆ ಬ್ಯಾಸಗಿಯೊಳಗ ಇಂಡಿ, ಸಿಂದಗಿ ಹಳ್ಳಿ ರಸ್ತಾ ಹಿಡದ್ರ ಎರಿ ಮಣ್ಣಿನ ಧೂಳು ಹಿಟ್ಟಿನಂಗ ಒಳಗ ಕೂಡತೈತಿ. ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿ ಕ್ಲಿಪ್ ಬಿಚ್ಚಿ ನೋಡ್ರಿ, ಕಾಗದದ ಮಡಿಕಿ ತುಂಬ ಮಣ್ಣು! ಮೆತ್ತಗ ಬಡದು ಝಾಡಿಸ್ರಿ, ನೀರಾಗ ತೊಳಿಬ್ಯಾಡ್ರಿ. ಪೂರಾ ಕಟ್ಟಿದ್ರ ಹೊಸಾದು ಹಾಕಸ್ರಿ, ಸರ್ವಿಸ್ ತನಕ ಕಾಯಬ್ಯಾಡ್ರಿ. ಗಾಳಿ ಸಾಲದಿದ್ರ ಎಂಜಿನ್ ಎಳೆತಾನೇ ಕಡಿಮಿ ಆಗತೈತಿ.

ಟೈರ್ ಗಾಳಿ ಮುಂಜಾನೆ ಗಾಡಿ ತಣ್ಣಗಿದ್ದಾಗ ನೋಡಬೇಕ್ರಿ. ಸೋಲಾಪುರ ಹೈವೇದಾಗ ಓಡಿಸಿ ಬಂದು ನೋಡಿದ್ರ ಹೆಚ್ಚಿಗೇ ತೋರಸ್ತೈತಿ. ಮತ್ತ ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಯಾರೂ ಮುಟ್ಟಬ್ಯಾಡ್ರಿ, ಕುದಿಯೋ ನೀರು ಮಾರಿಗೇ ಸಿಡಿತೈತಿ.